ಪ್ರೌಢ ತರಗತಿಯಲ್ಲಿ ಫ್ರೆಂಚು ವ್ಯಾಸಂಗ

ಪರಭಾಷೆಯನ್ನು ಕಲಿಯಹೊರಟವನಿಗೆ ಏನೂ ತಿಳಿಯದಿರುವ ಕಾಲ ಅಷ್ಟೊಂದು ಅಪಾಯಕರವಾದುದಲ್ಲ. ಅಲ್ಪಸ್ವಲ್ಪ ತಿಳಿದು, ಎಲ್ಲವೂ ತಿಳಿಯಿತೆಂದು ತೋರುವ ಕಾಲವೇ ಅಪಾಯಕರವಾದುದು. ದಾರಿ ಕೇಳುವುದಕ್ಕೂ, ರೊಟ್ಟಿ ಕೊಳ್ಳುವುದಕ್ಕೂ, ಹವೆಯ ವಿಚಾರವಾಗಿ ನಾಲ್ಕು ಮಾತನಾಡುವುದಕ್ಕೂ ಸಾಕಾಗುವಷ್ಟು ಫ್ರೆಂಚನ್ನು ಕಲಿತ ಇಂಗ್ಲೆಂಡಿನ ಬಾಲಕನು ಹದಿನಾರನೆಯ ವಯಸ್ಸಿನಲ್ಲಿ ಈ ಸ್ಥಿತಿಯಲ್ಲಿರುತ್ತಾನೆ. ಅಲ್ಲಿಂದ ಮುಂದೆ ಎರಡು ವರ್ಷಕಾಲ, ಸಾಮಾನ್ಯವಾಗಿ ಮೂರೇ ವಿಷಯಗಳನ್ನು ಆರಿಸಿಕೊಂಡು ಆಳವಾಗಿ ಓದುವ ಪದ್ಧತಿ ಅಲ್ಲಿಯದು. ಇದರ ಕೊನೆಯ ಪರೀಕ್ಷೆಗೆ 'ಎ ಲೆವೆಲ್' ಎಂದು ಹೆಸರು. 1951ರಲ್ಲಿ, ಅದುವರೆಗಿದ್ದ 'ಹೈಯರ್ ಸ್ಕೂಲ್ ಸರ್ಟಿಫಿಕೇಟ್' ಪರೀಕ್ಷೆಯ ಸ್ಥಾನದಲ್ಲಿ ಇದು ಬಂದಿತು. ಈ ಎರಡು ವರ್ಷಗಳಲ್ಲಿ ಫ್ರೆಂಚನ್ನು ಹೇಗೆ ಕಲಿಯುತ್ತಾರೆ, ಅದರಿಂದ ಏನು ದೊರೆಯುತ್ತದೆ ಎಂಬುದನ್ನು ಕುರಿತು ಇಂದು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ಮೊದಲನೆಯ ಪೆಟ್ಟು ಬೀಳುವುದು ಕಿವಿಗೆ. ಬರೆದಂತೆ ಓದುವ, ಓದಿದಂತೆ ಬರೆಯುವ ಕನ್ನಡಿಗರಾದ ನಮಗೆ ಈ ಕಷ್ಟ ಊಹೆಗೆ ಬರುವುದೂ ಸುಲಭವಲ್ಲ. 'ನಾನು ಮಾತನಾಡುತ್ತೇನೆ', 'ನೀನು ಮಾತನಾಡುತ್ತೀಯೆ', 'ಅವರು ಮಾತನಾಡುತ್ತಾರೆ' ಎಂಬ ಮೂರು ವಾಕ್ಯಗಳ ಕ್ರಿಯಾಪದಗಳನ್ನು ಫ್ರೆಂಚರು ಮೂರು ಬಗೆಯಾಗಿ ಬರೆಯುತ್ತಾರೆ. ಉಚ್ಚರಿಸುವಾಗಲಾದರೋ ಮೂರೂ ಒಂದೇ 'ಪಾರ್ಲ್'. ಕೊನೆಯ ಅಕ್ಷರಗಳು ಕಾಗದದ ಮೇಲೆ ಮಾತ್ರ ಜೀವಿಸುತ್ತವೆ. ಹಾಗೆಂದು ಅವನ್ನು ಸತ್ತವೆಂದು ಬಗೆಯುವಂತೆಯೂ ಇಲ್ಲ. ಮುಂದಿನ ಪದ ಸ್ವರದಿಂದ ಮೊದಲಾದರೆ ಕೆಲವು ತಟ್ಟನೆ ಎದ್ದು ಕೂರುತ್ತವೆ. 'ಲೇ' ಎಂಬ ಪದವೂ 'ಆಮಿ' ಎಂಬ ಪದವೂ ಸೇರಿದರೆ 'ಲೇಜಾಮಿ' ಆಗುವುದು. ನಮ್ಮ ಸಂಧಿಪ್ರಕರಣವನ್ನು ಬಾಯಿಪಾಠ ಮಾಡಿದವರಿಗೆ ಇದರಲ್ಲಿ ಕೊಂಚ ಸಮಾಧಾನ ದೊರೆತೀತು.

ವ್ಯಾಕರಣದಲ್ಲಿ ಆಂಗ್ಲ ವಿದ್ಯಾರ್ಥಿಗಳು ಎಲ್ಲಕ್ಕಿಂತ ಹೆಚ್ಚಾಗಿ ಹೆದರುವುದು 'ಸಬ್ಜಂಕ್ಟಿವ್' ಎಂಬ ಕ್ರಿಯಾರೂಪಕ್ಕೆ. 'ಅವನು ಬರುತ್ತಾನೆಂದು ಬಲ್ಲೆ' ಎನ್ನುವಾಗ ಫ್ರೆಂಚರು ಬಳಸುವ ಕ್ರಿಯಾಪದ 'ವ್ಯಾಂ'. ಅದರ ಕೊನೆ ಮೂಗಿನಲ್ಲಿ ಅಡಗಿಹೋಗುತ್ತದೆ. 'ಅವನು ಬರಲೆಂದು ಬಯಸುತ್ತೇನೆ' ಎನ್ನುವಾಗ ಅದು 'ವ್ಯೆನ್' ಎಂದಾಗಿ ನಕಾರ ಸ್ಪಷ್ಟವಾಗಿ ಕೇಳಿಬರುತ್ತದೆ. ನಡೆಯುವ ಸಂಗತಿಗೆ ಒಂದು ರೂಪ. ಮನಸ್ಸಿನ ಆಸೆ, ಭಯ, ಸಂಶಯಗಳಲ್ಲಿ ಮಾತ್ರ ಇರುವುದಕ್ಕೆ ಮತ್ತೊಂದು. ಇಂಗ್ಲಿಷಿನಲ್ಲಿ ಈ ಭೇದ ಬಹುಮಟ್ಟಿಗೆ ಸವೆದುಹೋಗಿರುವುದರಿಂದ ಅಲ್ಲಿನ ಹುಡುಗರಿಗೆ ಇದು ದೊಡ್ಡ ಒಗಟು. ನಮ್ಮಲ್ಲಾದರೋ 'ಬರುತ್ತಾನೆ', 'ಬರಲಿ' ಎಂಬ ಭೇದವನ್ನು ನಾಲ್ಕು ವರ್ಷದ ಮಗುವೂ ಬಲ್ಲದು. ಎರಡರ ವ್ಯಾಪ್ತಿಯೂ ಒಂದೇ ಎಂದು ನಾವು ಹೇಳುವುದಿಲ್ಲ; ಸಂಶಯವನ್ನು ಹೇಳುವಾಗ ನಾವು 'ಬರಲಿ' ಎನ್ನುವುದಿಲ್ಲ. ಆದರೂ ಬಾಗಿಲು ತೆರೆಯುವುದಕ್ಕೆ ಈ ಕೀಲಿಕೈ ಸಾಕು. ಕನ್ನಡದ ಮಕ್ಕಳಿಗೆ ಫ್ರೆಂಚನ್ನು ಇಂಗ್ಲಿಷಿನ ಮೂಲಕವೇ ಕಲಿಸುವವರು ಕೈಯಲ್ಲಿರುವ ಈ ಸೌಕರ್ಯವನ್ನು ಸುಮ್ಮನೆ ಬಿಟ್ಟುಕೊಡುತ್ತಿದ್ದಾರೆಂದು ನಮ್ಮ ಅಭಿಪ್ರಾಯ. 'ನೀನು', 'ನೀವು' ಎಂಬ ಗೌರವಭೇದದ ಮಾತೂ ಹೀಗೆಯೇ.

ಪ್ರೌಢ ತರಗತಿಯ ನಿಜವಾದ ಐಶ್ವರ್ಯವಿರುವುದು ಗ್ರಂಥಗಳಲ್ಲಿ. ವೊಲ್ತೇರನ 'ಕಾಂದೀದ್' 1759ರಲ್ಲಿ ಪ್ರಕಟವಾಯಿತು. ಕಾಮುವಿನ 'ಲೇತ್ರಾಂಜೇ' 1942ರಲ್ಲಿ. ಇವೆರಡೂ ಇಂಗ್ಲೆಂಡಿನ ವಿದ್ಯಾರ್ಥಿಗಳು ಓದುತ್ತ ಬಂದಿರುವ ಪುಸ್ತಕಗಳು. ಫ್ರೆಂಚಿನಲ್ಲಿ ನಡೆದುಹೋದ ಕಥೆಯನ್ನು ಹೇಳುವುದಕ್ಕೆ ಗ್ರಂಥಗಳಲ್ಲಿ ಮಾತ್ರ ಕಾಣುವ ಒಂದು ಭೂತಕಾಲವಿದೆ. ಮನೆಯಲ್ಲಿ, ಬೀದಿಯಲ್ಲಿ ಅದನ್ನು ಯಾರೂ ಆಡರು. ವೊಲ್ತೇರನು ಅದರಲ್ಲಿಯೇ ಬರೆದನು. ಕಾಮುವಾದರೋ ತನ್ನ ಕಥಾನಾಯಕನ ಬಾಯಲ್ಲಿ ಆಡುಮಾತಿನ ಭೂತಕಾಲವನ್ನಿಟ್ಟು ಕಾದಂಬರಿಯನ್ನು ನಡೆಸಿದನು. ವಾಕ್ಯಗಳು ಒಂದರ ಪಕ್ಕದಲ್ಲೊಂದು ಸಂಬಂಧವಿಲ್ಲದಂತೆ ನಿಂತು, ಆ ನಾಯಕನ ನಿರ್ಲಿಪ್ತತೆ ಓದುಗನನ್ನು ತಣ್ಣಗೆ ಮುಟ್ಟುತ್ತದೆ. ಭಾಷಾಂತರದಲ್ಲಿ ಈ ಗುಟ್ಟು ಮಾಯವಾಗುತ್ತದೆ. ಗ್ರಂಥಭಾಷೆಯೇ, ಆಡುಮಾತೇ ಎಂದು ಬಹುಕಾಲ ವಾದಮಾಡಿದ ನಮಗೆ ಇದರ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ.

2018ರಿಂದ ನಡೆದುಬಂದಿರುವ ಪರೀಕ್ಷಾಕ್ರಮದಲ್ಲಿ ನೂರಕ್ಕೆ 30ರಷ್ಟು ಅಂಕಗಳು ಮೌಖಿಕ ಪರೀಕ್ಷೆಗೆ. ವಿದ್ಯಾರ್ಥಿಯು ಫ್ರೆಂಚರ ಬಾಳಿಗೆ ಸಂಬಂಧಿಸಿದ ಯಾವುದಾದರೊಂದು ವಿಷಯವನ್ನು ತಾನೇ ಶೋಧಿಸಿ, ಅದನ್ನು ಕುರಿತ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಎರಡು ಪುಸ್ತಕಗಳನ್ನಾಗಲಿ, ಒಂದು ಪುಸ್ತಕವನ್ನೂ ಒಂದು ಚಲನಚಿತ್ರವನ್ನೂ ಆಗಲಿ ಕುರಿತು ಫ್ರೆಂಚಿನಲ್ಲಿಯೇ ಪ್ರಬಂಧ ಬರೆಯಬೇಕು. ಇಷ್ಟೆಲ್ಲ ಇದ್ದರೂ ವಿದ್ಯಾರ್ಥಿಗಳ ಸಂಖ್ಯೆ ಇಳಿದುಬಂದಿದೆ. 2004ರಲ್ಲಿ ಇಂಗ್ಲೆಂಡಿನ ಸರ್ಕಾರವು ಹದಿನಾಲ್ಕು ವಯಸ್ಸಿನ ಮೇಲೆ ಪರಭಾಷೆಯ ಕಡ್ಡಾಯವನ್ನು ತೆಗೆದುಹಾಕಿತು. 2019ರಲ್ಲಿ ಸ್ಪ್ಯಾನಿಷ್ ಭಾಷೆಯು ಎ ಲೆವೆಲಿನಲ್ಲಿ ಫ್ರೆಂಚನ್ನು ಮೊದಲಬಾರಿಗೆ ಹಿಂದೆ ಹಾಕಿತು. ಮನೆಯಲ್ಲಿಯೇ ಫ್ರೆಂಚು ಆಡುವ ಮಕ್ಕಳೂ ಇದೇ ಪರೀಕ್ಷೆಗೆ ಕೂರುವುದರಿಂದ ಉಳಿದವರಿಗೆ ಅನ್ಯಾಯವಾಗುತ್ತಿದೆಯೆಂಬ ದೂರು ಎದ್ದಿತು. 2017ರಲ್ಲಿ ಪರೀಕ್ಷೆಗಳ ನಿಯಂತ್ರಣ ಸಂಸ್ಥೆಯು ವಿಚಾರಣೆ ನಡೆಸಿ, ಮೇಲಿನ ಶ್ರೇಣಿಯ ಗಡಿಯನ್ನು ಕೊಂಚ ಸಡಿಲಿಸಿತು. ಆದರೆ ಅಂಕಗಳ ಭಯಕ್ಕಿಂತಲೂ, 'ಇಂಗ್ಲಿಷನ್ನು ಲೋಕವೆಲ್ಲ ಬಲ್ಲದು, ನಮಗೇಕೆ ಇನ್ನೊಂದು?' ಎಂಬ ಆಲಸ್ಯವೇ ಹೆಚ್ಚಿನ ಕಾರಣವೆಂದು ನಮಗೆ ತೋರುತ್ತದೆ. ಈ ಆಲಸ್ಯ ನಮ್ಮ ಪಟ್ಟಣಗಳಿಗೂ ಅಪರಿಚಿತವಲ್ಲ.

ಮೊದಲನೆಯ ಪಾಠದಲ್ಲಿಯೇ ಎಲ್ಲರೂ ಕಲಿಯುವ ಮಾತು 'ಓ ರ್‍ವ್ವಾರ್'. 'ಮತ್ತೆ ಕಾಣುವವರೆಗೆ' ಎಂದು ಇದರ ಅರ್ಥ. ಬೀಳ್ಕೊಳ್ಳುವಾಗ 'ಹೋಗುತ್ತೇನೆ' ಎನ್ನದೆ 'ಹೋಗಿ ಬರುತ್ತೇನೆ' ಎನ್ನುವ ನಮ್ಮವರಿಗೆ ಇದು ನೆಂಟನಂಥ ಮಾತು. ಐದಾರು ವರ್ಷಗಳು ಕಳೆದು ಪ್ರೌಢ ತರಗತಿಗೆ ಬಂದ ವಿದ್ಯಾರ್ಥಿಯು ಲೂಯಿ ಮಾಲ್ 1987ರಲ್ಲಿ ತೆಗೆದ ಚಿತ್ರವೊಂದರ ಹೆಸರಿನಲ್ಲಿ ಇದೇ ಮಾತನ್ನು ಮತ್ತೆ ಕಾಣುತ್ತಾನೆ. 1944ರ ಜನವರಿಯಲ್ಲಿ, ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ, ಫೊಂತೆನ್‌ಬ್ಲೋ ಸಮೀಪದ ಶಾಲೆಯೊಂದರಲ್ಲಿ ಮರೆಸಿಟ್ಟಿದ್ದ ಮೂವರು ಯೆಹೂದ್ಯ ಬಾಲಕರನ್ನೂ ಅವರಿಗೆ ಆಶ್ರಯವಿತ್ತ ಪಾದ್ರಿಯನ್ನೂ ಸೈನಿಕರು ಹಿಡಿದೊಯ್ದರು. ಮಾಲ್ ಆಗ ಅಲ್ಲಿಯ ವಿದ್ಯಾರ್ಥಿ. ಚಿತ್ರದಲ್ಲಿ ಆ ಗುರುಗಳು ಅಂಗಳದಲ್ಲಿ ಸಾಲಾಗಿ ನಿಂತ ಹುಡುಗರತ್ತ ತಿರುಗಿ 'ಓ ರ್‍ವ್ವಾರ್, ಮಕ್ಕಳೇ' ಎನ್ನುತ್ತಾರೆ. ಬಾಲಕರು ಆಷ್ವಿಟ್ಸಿನಲ್ಲಿ ಮಡಿದರು. ಪಾದ್ರಿಯವರು ಬಂದೀಶಿಬಿರದಿಂದ ಬಿಡುಗಡೆ ಹೊಂದಿಯೂ, ಊರಿಗೆ ಹಿಂದಿರುಗದೆ 1945ರ ಜೂನಿನಲ್ಲಿ ತೀರಿಕೊಂಡರು.