ಬಾಡಿಗೆ ಮನೆ ಮಾರಾಟವಾದಾಗ: ಬಾಡಿಗೆದಾರರು ತಿಳಿದಿರಬೇಕಾದ ಸಂಗತಿಗಳು

ಕರಾವಳಿಯ ಪೇಟೆಗಳಲ್ಲಿ ಹಳೆಯ ಹೆಂಚಿನ ಮನೆಗಳೂ ಬಾಡಿಗೆ ಬಿಡಾರಗಳೂ ಮಾರಾಟವಾಗಿ, ಆ ಜಾಗದಲ್ಲಿ ವಸತಿ ಸಮುಚ್ಚಯಗಳು ಏಳುವುದು ಹೊಸದೇನಲ್ಲ. ಆಸ್ತಿ ಮಾರುವುದು ಮಾಲೀಕರ ಹಕ್ಕು. ಆದರೆ ಅಲ್ಲಿ ಹಲವು ವರ್ಷ ಬಾಡಿಗೆಗಿದ್ದ ಕುಟುಂಬಕ್ಕೆ ಸುದ್ದಿ ಮುಟ್ಟುವುದು ಹೆಚ್ಚಾಗಿ ಕೊನೆಯ ಗಳಿಗೆಯಲ್ಲಿ: "ಮನೆ ಮಾರಿ ಆಗಿದೆ, ತಿಂಗಳೊಳಗೆ ಖಾಲಿ ಮಾಡಿ." ಆಗ ಹೆದರಿ ಬೀಗದ ಕೈ ಒಪ್ಪಿಸುವವರಿದ್ದಾರೆ, "ನಮ್ಮನ್ನು ಯಾರೂ ಎಬ್ಬಿಸಲಾರರು" ಎಂದು ಹಟ ಹಿಡಿಯುವವರೂ ಇದ್ದಾರೆ. ಎರಡೂ ಸರಿಯಲ್ಲ. ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ಸರಳವಾಗಿ ತಿಳಿಸಲು ಯತ್ನಿಸಿದ್ದೇವೆ.

ಮನೆ ಮಾರಿದ ಕೂಡಲೇ ಬಾಡಿಗೆ ಮುರಿಯುವುದೇ?

ಇಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಮಿನಂತೆ, ಕೊಂಡವರು ಹಳೆಯ ಮಾಲೀಕರ ಸ್ಥಾನದಲ್ಲಿ ನಿಲ್ಲುತ್ತಾರೆ. ಹನ್ನೊಂದು ತಿಂಗಳ ಕರಾರಿನಲ್ಲಿ ಐದು ತಿಂಗಳು ಉಳಿದಿದ್ದರೆ, ಕರಾರಿನಲ್ಲೇ ಬೇರೆ ಷರತ್ತಿಲ್ಲದ ಪಕ್ಷದಲ್ಲಿ, ಹೊಸಬರೂ ಅದಕ್ಕೆ ಬದ್ಧರು. ಕರಾರಿಲ್ಲದೆ ತಿಂಗಳ ಬಾಡಿಗೆಗೆ ಇರುವವರಿಗೆ 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟಿಸು ಕೊಡಬೇಕು. ನೋಟಿಸಿನ ಅವಧಿ ಮುಗಿದ ಮೇಲೂ, ಒಪ್ಪದ ಬಾಡಿಗೆದಾರರನ್ನು ಎಬ್ಬಿಸಲು ನ್ಯಾಯಾಲಯದ ಆದೇಶವೇ ಬೇಕು. ಬೀಗ ಮುರಿದು ಸಾಮಾನು ಹೊರಗಿಡುವ ಅಧಿಕಾರ ಯಾರಿಗೂ ಇಲ್ಲ. ಹಾಗೆ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು.

ಕಡಿಮೆ ಬಾಡಿಗೆಯ ಕೆಲವು ಹಳೆಯ ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇನ್ನೂ ಹೆಚ್ಚಿನ ರಕ್ಷಣೆ ನೀಡುತ್ತದೆ. ನಿಮ್ಮ ಮನೆ ಅದರ ವ್ಯಾಪ್ತಿಗೆ ಬರುವುದೇ ಎಂದು ವಕೀಲರಲ್ಲಿ ವಿಚಾರಿಸಿ.

ಬಹುಕಾಲ ಇದ್ದರೆ ಮನೆ ನಮ್ಮದಾಗುವುದೇ?

ಭೂಸುಧಾರಣೆಯ ಕಾಲದಲ್ಲಿ ಡಿಕ್ಲರೇಶನ್ ಕೊಟ್ಟು ಜಾಗ ಪಡೆದ ಹಿರಿಯರ ನೆನಪು ನಮ್ಮಲ್ಲಿ ಇನ್ನೂ ಹಸಿರಾಗಿದೆ. ಆದರೆ 1974ರ ಆ ತಿದ್ದುಪಡಿ ಗೇಣಿಗೆ ಮಾಡುತ್ತಿದ್ದ ಕೃಷಿಭೂಮಿಗೆ ಸಂಬಂಧಿಸಿದ್ದು. ಪೇಟೆಯ ಬಾಡಿಗೆ ಮನೆಗೆ ಅನ್ವಯಿಸದು. "12 ವರ್ಷ ಕಳೆದರೆ ಹಕ್ಕು" ಎಂಬ ಮಾತೂ ಮಾಲೀಕರ ಒಪ್ಪಿಗೆಯಿಂದ ಬಾಡಿಗೆ ಕೊಟ್ಟು ಇದ್ದವರಿಗೆ ಸಲ್ಲದು. ಮೂಲಗೇಣಿಯ ವಿಷಯ ಬೇರೆ. ಅಂಥ ಹಳೆಯ ಕಾಗದಪತ್ರವಿದ್ದರೆ ವಕೀಲರಿಗೆ ತೋರಿಸಿ.

ಏನು ಮಾಡಬೇಕು?

1. ಮಾರಾಟ ನಿಜವೇ ಎಂದು ಖಚಿತಪಡಿಸಿಕೊಳ್ಳಿ. ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ (ಇಸಿ) ಪಡೆದರೆ ತಿಳಿಯುತ್ತದೆ. ಮಾರಾಟದ ಅರಿವಿಲ್ಲದೆ ಹಳೆಯ ಮಾಲೀಕರಿಗೆ ಕೊಟ್ಟ ಬಾಡಿಗೆಯನ್ನು ಹೊಸಬರಿಗೆ ಮತ್ತೊಮ್ಮೆ ಕೊಡಬೇಕಾಗಿಲ್ಲ.

2. ಬಾಡಿಗೆ ನಿಲ್ಲಿಸಬೇಡಿ. ಬಾಕಿ ಉಳಿಸಿದರೆ ನಿಮ್ಮ ಕೈಯೇ ದುರ್ಬಲವಾಗುತ್ತದೆ. ಬ್ಯಾಂಕಿನ ಮೂಲಕ ಪಾವತಿಸಿ, ರಶೀದಿಗಳನ್ನು ಜೋಪಾನವಾಗಿಡಿ.

3. ಅಡ್ವಾನ್ಸ್ ಹಣವನ್ನು ಯಾರು, ಯಾವಾಗ ಹಿಂದಿರುಗಿಸುತ್ತಾರೆ ಎಂಬುದನ್ನು ಇಬ್ಬರು ಮಾಲೀಕರಿಂದಲೂ ಬರೆಸಿಕೊಳ್ಳಿ. "ಅವರನ್ನು ಕೇಳಿ", "ಇವರನ್ನು ಕೇಳಿ" ಎಂಬ ಅಲೆದಾಟದಲ್ಲಿ ಬಡವರ ಹಣ ಮುಳುಗುವುದು ಇಲ್ಲಿಯೇ.

4. ಓದದ ಕಾಗದಕ್ಕೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಬೇಡಿ.

5. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ವ್ಯಾಜ್ಯಕ್ಕಿಂತ ಮಾತುಕತೆ ಮೇಲು. ಮಕ್ಕಳ ಪರೀಕ್ಷೆ ಮುಗಿಯುವವರೆಗೆ, ಮಳೆಗಾಲ ಕಳೆಯುವವರೆಗೆ ಕಾಲಾವಕಾಶ ಕೇಳುವುದು ಅತಿಯಾಸೆಯಲ್ಲ. ಒಪ್ಪಿದ ದಿನಾಂಕವನ್ನು ಇಬ್ಬರೂ ಬರೆದಿಟ್ಟುಕೊಳ್ಳಲಿ. ಮನೆ ಮಾರಲಿರುವವರಲ್ಲಿ ನಮ್ಮ ವಿನಂತಿ: ಮಾತು ಕುದುರುವ ಮೊದಲೇ ಬಾಡಿಗೆದಾರರಿಗೆ ತಿಳಿಸಿ. ವಾಳೆಯ ಗುರಿಕಾರರೂ ಸೇವಾ ಸಂಘಗಳ ಸದಸ್ಯರೂ ಇಂಥ ಕುಟುಂಬದ ಸುದ್ದಿ ತಿಳಿದೊಡನೆ ಭೇಟಿ ನೀಡಲಿ. ಕಾಗದ ಓದಿ ಹೇಳಲು, ಕಚೇರಿಗೆ ಜೊತೆಯಲ್ಲಿ ಹೋಗಲು, ಬೇರೆ ಮನೆ ಹುಡುಕಲು ಒಬ್ಬರಾದರೂ ಇರಲಿ.