ಮಗ ಮಸೆರಾಟಿ ಕೊಳ್ಳಬೇಕೆಂದಿದ್ದಾನೆ



ರಮಝಾನ್ ತಿಂಗಳಿಗೆ ಸ್ವಲ್ಪ ಮೊದಲು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಫೋನ್ ಮಾಡಿದರು. ಸ್ವರದಲ್ಲಿ ಗಾಬರಿಯಿತ್ತು. "ಟೀಚರ್, ಮಗ ದುಬೈಯಲ್ಲಿ ಒಂದು ಕಾರು ನೋಡಿದ್ದಾನಂತೆ. ಇಟಲಿಯದ್ದು. ಎರಡೇ ಬಾಗಿಲು. ಹರಾಮಾ, ಹಲಾಲಾ, ಅಷ್ಟು ಹೇಳಿಬಿಡಿ. ನಾನು ಅವನಿಗೆ ಹೇಳುತ್ತೇನೆ" ಎಂದರು.

ಈ ಹುಡುಗ ಹದಿನಾರು ವರ್ಷಗಳ ಹಿಂದೆ ದುಬೈಗೆ ಹೋದವನು. ಮೊದಲ ಐದು ವರ್ಷ ಎಂಟು ಮಂದಿಯಿದ್ದ ಕೋಣೆಯಲ್ಲಿ ಮೇಲಿನ ಮಂಚದಲ್ಲಿ ಮಲಗಿದವನು. ಈಗ ದೇರಾದಲ್ಲಿ ಸಣ್ಣದೊಂದು ಸಗಟು ಅಂಗಡಿ ಇದೆ. ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಜೊತೆಗಿದ್ದಾರೆ. ತಂಗಿಯ ಮದುವೆ, ಊರಿನ ಮನೆ, ತಂದೆಯ ಹೃದಯದ ಚಿಕಿತ್ಸೆ ಎಲ್ಲವೂ ಅವನ ದುಡಿಮೆಯಿಂದಲೇ ಆಯಿತು. ಇಂಥವನು ತನಗಾಗಿ ಬಯಸಿದ ಮೊದಲ ದೊಡ್ಡ ವಸ್ತು ಈ ಕಾರು. ಆದ್ದರಿಂದ ಒಂದೇ ಮಾತಿನಲ್ಲಿ "ಬೇಡ" ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಅವನನ್ನೇ ಕರೆದು ಮಾತಾಡಿದೆ.

ಆ ಕಾರು ಯಾವುದು?

ಕಾರಿನ ಹೆಸರು ಮಸೆರಾಟಿ ಗ್ರ್ಯಾನ್‌ಟುರಿಸ್ಮೊ. ಮಸೆರಾಟಿ ಎಂಬುದು ಒಂದು ಮನೆತನದ ಹೆಸರು. 1914ರಲ್ಲಿ ಇಟಲಿಯ ಬೊಲೊನ್ಯಾ ನಗರದಲ್ಲಿ ಆ ಮನೆಯ ಸಹೋದರರು ಸಣ್ಣ ಕಾರ್ಯಾಗಾರ ತೆರೆದರು. ಅವರಲ್ಲೊಬ್ಬ, ಮಾರಿಯೋ, ಚಿತ್ರಕಲಾವಿದ. ನಗರದ ಚೌಕದಲ್ಲಿರುವ ನೆಪ್ಚೂನ್ ಕಾರಂಜಿಯ ಪ್ರತಿಮೆಯ ಕೈಯಲ್ಲಿರುವ ತ್ರಿಶೂಲವನ್ನು ನೋಡಿ ಅವನು ಕಂಪೆನಿಯ ಲಾಂಛನ ರಚಿಸಿದ. 1937ರಲ್ಲಿ ಓರ್ಸಿ ಕುಟುಂಬ ಕಂಪೆನಿಯನ್ನು ಕೊಂಡಿತು. ಬಳಿಕ ಕಾರ್ಖಾನೆ ಮೊಡೆನಾ ನಗರಕ್ಕೆ ಹೋಯಿತು. ಮುಂದೆ ಅದು ಸಿಟ್ರೊಯೆನ್, ಡಿ ಟೊಮಾಸೊ, ಫಿಯೆಟ್ ಹೀಗೆ ಹಲವು ಕೈ ದಾಟಿತು. ಇಂದು ಸ್ಟೆಲಾಂಟಿಸ್ ಎಂಬ ದೊಡ್ಡ ಸಮೂಹದ ಭಾಗ.

ಗ್ರ್ಯಾನ್ ಟುರಿಸ್ಮೊ ಎಂದರೆ ದೂರದ ಪ್ರವಾಸ. ಹಿಂದೆ ಯುರೋಪಿನ ಶ್ರೀಮಂತರ ಮಕ್ಕಳು ಓದು ಮುಗಿಸಿ ತಿಂಗಳುಗಟ್ಟಲೆ ಇಟಲಿಯನ್ನು ಸುತ್ತಲು ಹೋಗುತ್ತಿದ್ದರು. ಅದರ ನೆನಪು ಈ ಬಗೆಯ ಕಾರುಗಳ ಹೆಸರಿನಲ್ಲಿದೆ. ವೇಗವಾಗಿ, ಆದರೆ ಬೆನ್ನು ನೋಯದಂತೆ ದೇಶದಿಂದ ದೇಶಕ್ಕೆ ಹೋಗಲೆಂದು ಇವುಗಳನ್ನು ಮಾಡುತ್ತಾರೆ. ಹುಡುಗ ನೋಡಿದ ಮಾದರಿ 2007ರ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಹೊರಬಂದದ್ದು. ಆಕಾರ ಕೊಟ್ಟದ್ದು ಪಿನಿನ್‌ಫರಿನಾ ಸಂಸ್ಥೆ. 4.2 ಲೀಟರಿನ, ಎಂಟು ಸಿಲಿಂಡರಿನ, 405 ಅಶ್ವಶಕ್ತಿಯ ಎಂಜಿನ್. ಆ ಎಂಜಿನನ್ನು ಮಾಡಿಕೊಟ್ಟದ್ದು ಫೆರಾರಿ. ಮರುವರ್ಷ 4.7 ಲೀಟರಿನ ಇನ್ನೂ ಬಲವಾದದ್ದು ಬಂತು. 2019ರಲ್ಲಿ ಇದರ ತಯಾರಿಕೆ ನಿಂತಿತು. 2022ರಲ್ಲಿ ಹೊಸ ತಲೆಮಾರಿನದ್ದನ್ನು ತೋರಿಸಿದರು. ಅದರಲ್ಲಿ ವಿದ್ಯುತ್ತಿನಿಂದ ಓಡುವುದೂ ಒಂದಿದೆ. 2024ರಲ್ಲಿ ಆ ಹೊಸ ಕಾರು ಭಾರತಕ್ಕೆ ಬಂದಾಗ ಶೋರೂಮಿನ ಬೆಲೆಯೇ 2.72 ಕೋಟಿ ರೂಪಾಯಿಯಿಂದ ಶುರುವಾಗಿತ್ತು.

ನಮ್ಮ ಹುಡುಗ ನೋಡಿದ್ದು ಹಳೆಯದು. ಕೇಳಿದ ಬೆಲೆ 95 ಸಾವಿರ ದಿರ್ಹಮ್. ಅವನ ಕೈಯಲ್ಲಿದ್ದದ್ದು 60 ಸಾವಿರ.

ಬೆಲೆ ಇಳಿಯುತ್ತದೆ, ಖರ್ಚು ಇಳಿಯುವುದಿಲ್ಲ

ಸಹೋದರಿ, ನಿಮ್ಮ ಮನೆಯಲ್ಲೂ ಇಂಥ ಮಾತು ಬಂದರೆ ಮೊದಲು ಒಂದು ವಿಷಯ ನೆನಪಿಡಿ. ಐಷಾರಾಮಿ ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಬೇಗನೆ ಕುಸಿಯುತ್ತದೆ. ಮೊದಲು ಕೊಂಡವನು ಕಳೆದುಕೊಂಡದ್ದೇ ಎರಡನೆಯವನಿಗೆ ಅಗ್ಗವಾಗಿ ಕಾಣುತ್ತದೆ. ಆದರೆ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಕಾರು ಸಾಮಾನ್ಯನ ಕೈಗೆ ಸಿಗುವ ಬೆಲೆಗೆ ಬಂದಿರಬಹುದು, ಬ್ರೇಕು, ಟಯರು, ಕ್ಲಚ್ಚು ಇವೆಲ್ಲ ಇಂದಿಗೂ ಶ್ರೀಮಂತನ ಕಾರಿನವೇ.

ಪೆಟ್ರೋಲಿನ ಲೆಕ್ಕ ನೋಡಿ. ಕಂಪೆನಿಯ ಲೆಕ್ಕದ ಪ್ರಕಾರವೇ ಇದು ನೂರು ಕಿಲೋಮೀಟರಿಗೆ 14 ಲೀಟರಿಗೂ ಮಿಕ್ಕಿ ಕುಡಿಯುತ್ತದೆ. ಪೇಟೆಯ ದಟ್ಟಣೆಯಲ್ಲಿ ಇನ್ನೂ ಹೆಚ್ಚು. ವರ್ಷಕ್ಕೆ 15 ಸಾವಿರ ಕಿಲೋಮೀಟರ್ ಓಡಿದರೆ 2,100 ಲೀಟರ್ ದಾಟುತ್ತದೆ. ನೂರಕ್ಕೆ 7 ಲೀಟರ್ ಸಾಕಾಗುವ ಸಾಧಾರಣ ಕುಟುಂಬದ ಕಾರಿಗೆ 1,050 ಲೀಟರ್ ಬೇಕು. ಇದರ ಮೇಲೆ ವಿಮೆ, ಸರ್ವಿಸ್. ಮೂರು ವರ್ಷ ದಾಟಿದ ವಾಹನವನ್ನು ಯುಎಇಯಲ್ಲಿ ಪ್ರತಿ ವರ್ಷ ತಪಾಸಣೆಗೆ ಒಡ್ಡಿ ಮುಲ್ಕಿಯಾ ನವೀಕರಿಸಬೇಕು.

ಕೊಳ್ಳುವ ಮುನ್ನ ನೋಡಬೇಕಾದವುಗಳೂ ಇವೆ. ಈ ಮಾದರಿಯ ಮೊದಲ ವರ್ಷಗಳ ಎಂಜಿನುಗಳಲ್ಲಿ ವೇರಿಯೇಟರ್ ಎಂಬ ಭಾಗ ಸವೆದು ಸದ್ದು ಮಾಡುವುದುಂಟು. ಮುಂದಿನ ಸಸ್ಪೆನ್ಷನ್ನಿನ ಬುಷ್‌ಗಳು ಸವೆಯುತ್ತವೆ. ಬಿಸಿಲಿಗೆ ಒಳಗಿನ ಗುಂಡಿಗಳ ಲೇಪ ಕರಗಿ ಅಂಟಂಟಾಗುತ್ತದೆ. ಕೊಲ್ಲಿಯ ಬಿಸಿಲಿಗೆಂದೇ ಬಂದ ಕಾರೇ, ಅಥವಾ ಅಮೆರಿಕದಲ್ಲಿ ಅಪಘಾತವಾಗಿ ಹಡಗಿನಲ್ಲಿ ಬಂದು ರಿಪೇರಿಯಾದದ್ದೇ ಎಂದು ವಿಚಾರಿಸಬೇಕು. ಸರ್ವಿಸಿನ ದಾಖಲೆ ಪೂರ್ತಿ ಇರಬೇಕು. ಕಾರಿನ ಮೇಲೆ ಹಳೆಯ ಮಾಲಿಕನ ಸಾಲ ಉಳಿದಿಲ್ಲವೆಂದು ಖಾತ್ರಿಯಾಗಬೇಕು. ಮಾರಾಟಗಾರನೂ ದೋಷವನ್ನು ಮುಚ್ಚಿಡುವಂತಿಲ್ಲ. ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒದ್ದೆ ತಾಗಿದ್ದಕ್ಕೆ ಪ್ರವಾದಿ(ಸ)ಯವರು ಆ ವ್ಯಾಪಾರಿಯನ್ನು ಎಷ್ಟು ಕಠಿಣವಾಗಿ ಎಚ್ಚರಿಸಿದರೆಂಬುದನ್ನು ನಾವು ಮದ್ರಸದಲ್ಲೇ ಕಲಿತಿದ್ದೇವಲ್ಲವೇ?

"ಮುಂದೆ ಊರಿಗೆ ತಂದರಾಯಿತು" ಎಂದು ಕೆಲವರು ಹೇಳುವುದುಂಟು. ಅದೂ ಆಗದು. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಭಾರತಕ್ಕೆ ಆಮದು ಮಾಡಲು ನಿಯಮ ಬಿಡುವುದಿಲ್ಲ. ಸ್ಟಿಯರಿಂಗ್ ಬಲಬದಿಯಲ್ಲಿರಬೇಕು. ಯುಎಇಯ ಕಾರುಗಳಲ್ಲಿ ಅದು ಎಡಕ್ಕಿರುತ್ತದೆ.

ದೀನ್ ಏನು ಹೇಳುತ್ತದೆ?

ಒಳ್ಳೆಯ ವಾಹನ ಬಯಸುವುದು ತಪ್ಪು ಎಂದು ಭಾವಿಸುವವರು ನಮ್ಮಲ್ಲಿದ್ದಾರೆ. ಅದು ಸರಿಯಲ್ಲ. ಸಜ್ಜನ ಸಂಗಾತಿ, ವಿಶಾಲವಾದ ಮನೆ, ಒಳ್ಳೆಯ ನೆರೆಯವರು ಇವುಗಳ ಸಾಲಿನಲ್ಲಿಯೇ ಹಿತವಾದ ವಾಹನವನ್ನೂ ಪ್ರವಾದಿ(ಸ)ಯವರು ಮನುಷ್ಯನ ಸೌಭಾಗ್ಯವೆಂದು ಎಣಿಸಿದ್ದಾರೆ. ಅನುಕೂಲವಿದ್ದೂ ಹರಕು ಬಟ್ಟೆಯಲ್ಲಿ ಬಂದ ಸಹಾಬಿಯೊಬ್ಬರನ್ನು ಕಂಡು, ಅಲ್ಲಾಹನು ಕೊಟ್ಟ ಅನುಗ್ರಹದ ಗುರುತು ನಿಮ್ಮ ಮೇಲೆ ಕಾಣಲಿ ಎಂದು ಅವರು ತಿಳಿಹೇಳಿದ್ದರು. ಸಂಪತ್ತು ಪಾಪವಲ್ಲ. ಹಝ್ರತ್ ಉಸ್ಮಾನ್(ರ) ಶ್ರೀಮಂತರಾಗಿದ್ದರು. ತಬೂಕಿನ ಸೇನೆಯನ್ನು ಸಜ್ಜುಗೊಳಿಸಿದ್ದೂ ಅವರ ಸಂಪತ್ತೇ.

ಆದರೆ ಇನ್ನೊಂದು ಹದೀಸನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಕುದುರೆ ಸಾಕುವವರು ಮೂರು ಬಗೆ ಎಂದರು ಪ್ರವಾದಿ(ಸ)ಯವರು. ಒಬ್ಬನಿಗೆ ಆ ಕುದುರೆ ಪುಣ್ಯ, ಒಬ್ಬನಿಗೆ ಆಸರೆ, ಒಬ್ಬನಿಗೆ ಹೊರೆ. ಅಲ್ಲಾಹನ ಮಾರ್ಗಕ್ಕೆಂದು ಕಟ್ಟಿದವನಿಗೆ ಪುಣ್ಯ. ಇತರರ ಮುಂದೆ ಕೈಚಾಚದೆ ಬದುಕಲೆಂದು ಸಾಕಿ, ಅದರಲ್ಲಿ ಅಲ್ಲಾಹನ ಹಕ್ಕನ್ನು ಮರೆಯದವನಿಗೆ ಆಸರೆ. ಜನರ ಮುಂದೆ ಮೆರೆಯಲೆಂದು ಸಾಕಿದವನಿಗೆ ಅದೇ ಕುದುರೆ ಹೊರೆ. ಗಮನಿಸಿ, ಮೂವರದ್ದೂ ಕುದುರೆಯೇ. ವ್ಯತ್ಯಾಸವಿರುವುದು ಲಾಯದಲ್ಲಲ್ಲ, ಮನಸ್ಸಿನಲ್ಲಿ. ಖಾರೂನನು ಆಡಂಬರದ ಮೆರವಣಿಗೆಯಲ್ಲಿ ಹೊರಟಾಗ ನಮಗೂ ಹೀಗಿರುತ್ತಿದ್ದರೆ ಎಂದು ಆಸೆಪಟ್ಟವರ ಕಥೆ ಪವಿತ್ರ ಕುರ್‌ಆನಿನಲ್ಲಿದೆ. ಮರುದಿನ ಅವನು ಭೂಮಿಯೊಳಗೆ ಸೇರಿಹೋದಾಗ, ನಮಗೆ ಹಾಗಾಗದಿದ್ದದ್ದೇ ಅಲ್ಲಾಹನ ಕೃಪೆ ಎಂದವರೂ ಅವರೇ.

ಇನ್ನು ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ. ಯುಎಇಯ ಬ್ಯಾಂಕುಗಳು ಕಾರಿನ ಬೆಲೆಯ 80 ಶೇಕಡಾದವರೆಗೆ, 60 ತಿಂಗಳ ಅವಧಿಗೆ ಸಾಲ ಕೊಡಬಹುದು. ಅದು ಬಡ್ಡಿಯ ಸಾಲವಾದರೆ ಮಾತು ಅಲ್ಲಿಗೇ ಮುಗಿಯಿತು. ಇಸ್ಲಾಮೀ ಬ್ಯಾಂಕುಗಳಲ್ಲಿ ಮುರಾಬಹಾ ಎಂಬ ಕ್ರಮವಿದೆ. ಬ್ಯಾಂಕು ತಾನೇ ವಾಹನ ಕೊಂಡು, ಲಾಭ ಎಷ್ಟೆಂದು ಹೇಳಿ, ನಮಗೆ ಕಂತಿನಲ್ಲಿ ಮಾರುತ್ತದೆ. ಕ್ರಮ ಸರಿಯಿದ್ದರೂ ಕಂತು ಕಂತೇ. ವ್ಯಾಪಾರ ಬಿದ್ದರೆ ತೀರಿಸಬೇಕಾದ ಋಣ ಬೀಳುವುದಿಲ್ಲ. 2008-09ರ ಆರ್ಥಿಕ ಕುಸಿತದಲ್ಲಿ ಸಾಲದ ಕಾರುಗಳನ್ನು ದುಬೈ ವಿಮಾನ ನಿಲ್ದಾಣದಲ್ಲಿ ಬಿಟ್ಟು ಊರಿಗೆ ಓಡಿದವರ ಸುದ್ದಿಯನ್ನು ನಾವು ಓದಿದ್ದೇವೆ. ಝಕಾತಿನ ವಿಷಯದಲ್ಲೂ ತಪ್ಪು ತಿಳಿವಳಿಕೆ ಬೇಡ. ಸ್ವಂತ ಬಳಕೆಯ ಕಾರಿಗೆ ಝಕಾತ್ ಇಲ್ಲ. ಆದರೆ ಕಾರಿಗೆಂದು ಕೂಡಿಟ್ಟ ಹಣ ನಿಸಾಬ್ ತಲುಪಿ ಒಂದು ಚಾಂದ್ರಮಾನ ವರ್ಷ ಕಳೆದರೆ ನಲ್ವತ್ತರಲ್ಲಿ ಒಂದು ಭಾಗ ಬಡವರ ಹಕ್ಕು.

ಮಹ್ರಿನ ಚಿನ್ನ

ಇಷ್ಟೆಲ್ಲ ಮಾತಾಡಿದ ಮೇಲೆ ಕೇಳಿದೆ, "ಉಳಿದ 35 ಸಾವಿರ ಎಲ್ಲಿಂದ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಇವಳ ಮಹ್ರಿನ ಚಿನ್ನ ಇದೆಯಲ್ಲ ಟೀಚರ್. ಕೇಳಿದೆ. ಆಗಲಿ ಅಂದಿದ್ದಾಳೆ" ಎಂದ.

ಸಹೋದರಿ, ನಿಜವಾದ ತೂಕ ಇರುವುದು ಇಲ್ಲಿ. ಮಹ್ರ್ ಹೆಣ್ಣಿನ ಸ್ವಂತ ಸೊತ್ತು. ಗಂಡನದ್ದಲ್ಲ, ಅತ್ತೆಯದ್ದಲ್ಲ, ತವರಿನದ್ದೂ ಅಲ್ಲ. ಅವಳು ಮನಸಾರೆ ಬಿಟ್ಟುಕೊಟ್ಟರೆ ಗಂಡ ಅದನ್ನು ಬಳಸಬಹುದು. ಮನಸಾರೆ ಎಂಬುದೇ ಇಲ್ಲಿನ ಷರತ್ತು. ಮನೆಯಲ್ಲಿ ನಾವು ಎಷ್ಟು ಸಲ "ಆಗಲಿ" ಎನ್ನುತ್ತೇವೆ! ಜಗಳ ಬೇಡವೆಂದು, ಗಂಡನ ಮುಖ ಬಾಡದಿರಲೆಂದು, ನನ್ನನ್ನು ಜಿಪುಣಿ ಎನ್ನದಿರಲೆಂದು. ಆ "ಆಗಲಿ"ಯಲ್ಲಿ ಸಂತೋಷವಿದೆಯೇ ಎಂದು ನೋಡಬೇಕಾದದ್ದು ಕೇಳುವವನ ಹೊಣೆ. ಅದನ್ನು ಸ್ಪಷ್ಟವಾಗಿ ಹೇಳುವುದು ನಮ್ಮ ಹೊಣೆ. ಹುದೈಬಿಯಾದಲ್ಲಿ ಸಹಾಬಿಗಳು ದುಃಖದಿಂದ ಕುಳಿತಿದ್ದಾಗ ಪ್ರವಾದಿ(ಸ)ಯವರು ಪತ್ನಿ ಉಮ್ಮು ಸಲಮಾ(ರ)ರ ಸಲಹೆ ಕೇಳಿ ಅದರಂತೆ ನಡೆದರು. ಸಮಾಲೋಚನೆ ಎಂದರೆ ತೀರ್ಮಾನಿಸಿದ ಮೇಲೆ ತಿಳಿಸುವುದಲ್ಲ.

ನಾನು ಅವನಿಗೆ ಕೊಡಬೇಡ ಎಂದೂ ಹೇಳಲಿಲ್ಲ, ಕೊಳ್ಳು ಎಂದೂ ಹೇಳಲಿಲ್ಲ. "ಇನ್ನೊಮ್ಮೆ ಕೇಳು. ಚಿನ್ನದ ಮಾತು ತೆಗೆಯದೆ ಕೇಳು. ಅವಳಿಗೆ ಏನನಿಸುತ್ತದೆಂದು ಮಾತ್ರ ಕೇಳು" ಎಂದೆ.

ಅವನು ಕೇಳಿದ. ಅವಳು ಒಂದೇ ಪ್ರಶ್ನೆ ತಿರುಗಿ ಕೇಳಿದಳಂತೆ: "ಈ ಕಾರಿನಲ್ಲಿ ನಾವು ಎಲ್ಲಿಗೆ ಹೋಗುತ್ತೇವೆ?"

ಅವನಿಗೆ ಉತ್ತರ ಹೊಳೆಯಲಿಲ್ಲ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ, ನಡುವೆ ದೇರಾದ ಟ್ರಾಫಿಕ್ಕು. ದೇಶದಿಂದ ದೇಶಕ್ಕೆ ಓಡಲೆಂದು ಮಾಡಿದ ಕಾರನ್ನು ಅಲ್ಲಿ ತೆವಳಿಸಬೇಕಿತ್ತು. ಅವಳೇ ಒಂದು ದಾರಿ ಹೇಳಿದಳು. ದುಬೈಯಲ್ಲಿ ಇಂಥ ಕಾರುಗಳು ದಿನದ ಬಾಡಿಗೆಗೆ ಸಿಗುತ್ತವೆ. ಈದಿನ ಮರುದಿನ ಒಂದನ್ನು ಬಾಡಿಗೆಗೆ ತೆಗೆದುಕೊಂಡು ಅಲ್ ಐನ್ ಕಡೆಗೆ, ಜಬಲ್ ಹಫೀತ್ ಬೆಟ್ಟದ ತಿರುವುಗಳ ರಸ್ತೆಗೆ ಹೋದರು. ಎರಡೇ ಬಾಗಿಲಿನ ಕಾರಿನಲ್ಲಿ ಮಗುವಿನ ಸೀಟನ್ನು ಹಿಂದೆ ಕಟ್ಟಲು ಅವಳು ಪ್ರತಿಸಲ ಮುಂದಿನ ಸೀಟು ಮಡಚಿ ಅರ್ಧ ಒಳಗೆ ತೂರಬೇಕಾಯಿತು. ಮಗುವಿನ ಗಾಡಿ, ಊಟದ ಬುತ್ತಿ, ನಮಾಝಿನ ಚಾಪೆ ಇಷ್ಟಕ್ಕೇ ಡಿಕ್ಕಿ ತುಂಬಿತು. ಆದರೂ ಆ ದಿನ ಚೆನ್ನಾಗಿತ್ತು ಎಂದು ಅವಳೇ ಹೇಳಿದಳು. ಬೆಟ್ಟ ಹತ್ತುವಾಗ ಎಂಜಿನಿನ ಸದ್ದಿಗೆ ಅವನು ಚಿಕ್ಕ ಹುಡುಗನಂತೆ ನಕ್ಕನಂತೆ. ಮದುವೆಯಾದ ಮೇಲೆ ಅವನು ಹಾಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ.

ಬರುವಾಗ ಅವನೇ ಹೇಳಿದ, "ಉಮ್ಮ ಇಲ್ಲಿಗೆ ಬಂದರೆ ಇದರಲ್ಲಿ ಕೂರಿಸಲಿಕ್ಕಾಗುವುದಿಲ್ಲ. ಅವರ ಮಂಡಿ ಇಷ್ಟು ಕೆಳಗೆ ಬಗ್ಗುವುದಿಲ್ಲ."

ಚಿನ್ನ ಅವಳ ಬಳಿಯೇ ಇದೆ. ಕಾರನ್ನು ಬೇರೆ ಯಾರೋ ಕೊಂಡರು. ಅವನ ಆಸೆ ಸತ್ತಿಲ್ಲ. ಎರಡು ವರ್ಷ ಕಳೆದು, ಯಾರ ಸೊತ್ತನ್ನೂ ಮುಟ್ಟದೆ, ಸಾಲವಿಲ್ಲದೆ ಕೊಳ್ಳಲು ಸಾಧ್ಯವಾದರೆ ಮತ್ತೆ ನೋಡುತ್ತೇನೆ ಎನ್ನುತ್ತಾನೆ. ನೋಡಲಿ. ಅದರಲ್ಲಿ ತಪ್ಪೇನಿದೆ?

ನಮ್ಮ ಕಡೆಗೂ ಒಮ್ಮೆ ನೋಡೋಣ

ಕೊನೆಗೆ ಆ ತಾಯಿ ನನಗೊಂದು ಮಾತು ಹೇಳಿದರು. "ನಿಜ ಹೇಳಲಾ ಟೀಚರ್, ನನಗೆ ಬೇಸರ ಆದದ್ದು ಕಾರು ಕೊಳ್ಳುತ್ತಾನೆಂದಲ್ಲ, ದುಡ್ಡು ಸಾಲದೆಂದು. ಅವನು ಆ ಕಾರಿನ ಪಕ್ಕ ನಿಂತ ಫೋಟೋ ಕುಟುಂಬದ ವಾಟ್ಸಪ್ಪಿನಲ್ಲಿ ಬಂದರೆ ಚೆಂದ ಎಂದು ನನ್ನ ಮನಸ್ಸಿನಲ್ಲೂ ಇತ್ತು."

ಈ ಪ್ರಾಮಾಣಿಕತೆ ನನ್ನನ್ನು ತಟ್ಟಿತು. ಗಂಡಸರ ಕಾರು ನಮಗೆ ದುಂದುವೆಚ್ಚವಾಗಿ ಬೇಗ ಕಾಣುತ್ತದೆ. ಒಂದೇ ದಿನ ಉಟ್ಟು ಕಪಾಟು ಸೇರುವ ಮದುವೆಯ ಉಡುಪು, ಅರ್ಧ ತಿಂದು ಎಸೆಯುವ ಔತಣ, ಬೀಗರ ಕಣ್ಣು ತುಂಬಲೆಂದು ಹೇರಿಕೊಳ್ಳುವ ಆಭರಣ ಮಾತ್ರ "ಮರ್ಯಾದೆ"ಯಾಗುತ್ತದೆ. ಮಸೆರಾಟಿಯನ್ನು ತೂಗಿದ ತಕ್ಕಡಿಯಲ್ಲಿಯೇ ಅವನ್ನೂ ತೂಗಬೇಕಲ್ಲವೇ?

ಆದ್ದರಿಂದ ಸಹೋದರಿ, ಮನೆಯಲ್ಲಿ ದೊಡ್ಡ ಖರೀದಿಯ ಮಾತು ಬಂದಾಗ ಗಂಡನೊಂದಿಗೆ ಕುಳಿತು ಈ ಪ್ರಶ್ನೆಗಳನ್ನು ಕೇಳಿ. ಹಣ ಬಡ್ಡಿಯಿಲ್ಲದ್ದೇ? ಯಾರ ಹಕ್ಕಾದರೂ ಇದರಲ್ಲಿ ಸೇರಿದೆಯೇ? ಕೊಂಡ ಮೇಲೆ ಸಾಕುವ ಶಕ್ತಿ ಇದೆಯೇ? ಮನೆಯ ಎಲ್ಲರೂ ಇದರಲ್ಲಿ ಕೂರಬಹುದೇ? ಯಾರೂ ನೋಡದಿದ್ದರೂ ಇದು ನಮಗೆ ಬೇಕೇ? ಐದಕ್ಕೂ ನೆಮ್ಮದಿಯ ಉತ್ತರ ಸಿಕ್ಕರೆ ಬಿಸ್ಮಿಲ್ಲಾ ಹೇಳಿ ಹತ್ತಿ. ಸಿಗದಿದ್ದರೆ ಕಾಯಿರಿ. ಕಾದದ್ದರಿಂದ ಇಂಥ ಕಾರು ಸಾಮಾನ್ಯವಾಗಿ ದುಬಾರಿಯಾಗುವುದಿಲ್ಲ, ಈಗ ಹೇಳಿದೆನಲ್ಲ, ಅಗ್ಗವೇ ಆಗುತ್ತದೆ.

ನಮಗೆ ದೊರೆತ ಅನುಗ್ರಹಗಳು ನಮಗೆ ಆಸರೆಯಾಗಲಿ, ಹೊರೆಯಾಗದಿರಲಿ. ಆಮೀನ್.