ನಿನ್ನೆ ಇದ್ದ ಪ್ಲಗಿನ್ ಇಂದು ಎಲ್ಲಿ?

"ಸಾರ್, ನಿನ್ನೆ ಇತ್ತು, ಇವತ್ತು ಕೊಡ್ತಾ ಇಲ್ಲ!" ಎಂದಳು ಹತ್ತನೇ ತರಗತಿಯ ಹುಡುಗಿ. ಬೇಲೂರು, ಹಳೇಬೀಡಿನ ಶಿಲ್ಪಗಳ ಚಿತ್ರ ಸೇರಿಸಿ ಅವಳು ಶಾಲೆಗೊಂದು ವೆಬ್‌ಸೈಟ್ ಮಾಡುತ್ತಿದ್ದಳು. ಚಿತ್ರ ಜೋಡಿಸಲು ಆರಿಸಿಕೊಂಡಿದ್ದ ಪ್ಲಗಿನ್ ಇದ್ದಕ್ಕಿದ್ದಂತೆ ಮುಚ್ಚಿತ್ತು. 'ಪೂರ್ಣ ಪರಿಶೀಲನೆಯವರೆಗೆ ತಾತ್ಕಾಲಿಕ' ಎಂಬರ್ಥದ ಸೂಚನೆಯಷ್ಟೇ ಉಳಿದಿತ್ತು.

ಪ್ಲಗಿನ್ ಎಂದರೇನು? ರೈಲಿಗೆ ಬೋಗಿ ಇದ್ದಂತೆ. 2003ರಲ್ಲಿ ಆರಂಭವಾದ ವರ್ಡ್‌ಪ್ರೆಸ್ ಎಂಜಿನ್ ಆದರೆ, ಬೇಕಾದ ಸೌಲಭ್ಯಗಳನ್ನು ಹಿಂದೆ ಜೋಡಿಸಿಕೊಳ್ಳಬಹುದು. ಬೋಗಿಯಲ್ಲಿ ದೋಷ ಕಂಡರೆ ಅದನ್ನು ಕಳಚಿ ಪಕ್ಕದ ಹಳಿಯಲ್ಲಿ ನಿಲ್ಲಿಸುತ್ತಾರೆ; ದುರಸ್ತಿಯಾದ ಮೇಲೆ ಮತ್ತೆ ಜೋಡಿಸುತ್ತಾರೆ. ಜಂಕ್ಷನ್ ಊರಾದ ಅರಸೀಕೆರೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ಲಗಿನ್ ಮುಚ್ಚಲು ಕಾರಣಗಳು ಹಲವು. ಕಳ್ಳರು ನುಸುಳಬಹುದಾದ ದೋಷವಿರಬಹುದು, ನಿಯಮ ಮೀರಿರಬಹುದು, ಬರೆದವರೇ ಸಾಕೆಂದಿರಬಹುದು. ಕಾರಣವನ್ನು ತಕ್ಷಣ ಹೇಳದಿರುವುದೂ ಉಂಟು. ಬೀಗ ಕೆಟ್ಟಿದೆಯೆಂದು ರಿಪೇರಿಗೆ ಮುಂಚೆಯೇ ಊರಿಗೆಲ್ಲ ಸಾರಿದರೆ ಕಳ್ಳನಿಗೇ ಅನುಕೂಲವಲ್ಲವೇ?

2017ರಲ್ಲಿ ನಡೆದ ಪ್ರಸಂಗ ನೋಡಿ. 'ಡಿಸ್‌ಪ್ಲೇ ವಿಜೆಟ್ಸ್' ಎಂಬ ಪ್ಲಗಿನ್ ಸುಮಾರು 2 ಲಕ್ಷ ತಾಣಗಳಲ್ಲಿತ್ತು. ಮೂಲ ಮಾಲೀಕರು ಅದನ್ನು ಮಾರಿದರು. ಕೊಂಡವರ ಕೈಗೆ ಹೋದ ಮೇಲೆ, ಪರರ ತಾಣಗಳಲ್ಲಿ ಜಾಹೀರಾತು ತುರುಕುವ ಸಂಕೇತ ಅದರೊಳಗೆ ಸೇರಿತು. ತಾಣದ ಒಡೆಯರು ಲಾಗಿನ್ ಆಗಿ ನೋಡಿದರೆ ಆ ಜಾಹೀರಾತು ಕಾಣುತ್ತಿರಲಿಲ್ಲ. ಹೊರಗಿನ ಓದುಗರಿಗೆ ಮಾತ್ರ ಕಾಣುತ್ತಿತ್ತು! ಮತ್ತೆ ಮತ್ತೆ ತೆಗೆದರೂ ಹಿಂದಿರುಗಿ ಬಂದ ಅದನ್ನು ಸೆಪ್ಟೆಂಬರಿನಲ್ಲಿ ನಾಲ್ಕನೇ ಬಾರಿ ತೆಗೆದುಹಾಕಲಾಯಿತು.

ರೈಲಿನ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಕಳಚಿದ ಬೋಗಿ ರೈಲಿನಲ್ಲಿ ಉಳಿಯುವುದಿಲ್ಲ. ಆದರೆ ಭಂಡಾರದಿಂದ ತೆಗೆದ ಪ್ಲಗಿನ್ ಈಗಾಗಲೇ ಹಾಕಿಕೊಂಡವರ ತಾಣದಲ್ಲಿ ಹಾಗೆಯೇ ಇರುತ್ತದೆ. ಅಂಗಡಿಯವನು ಮಾರಾಟ ನಿಲ್ಲಿಸಿದ ಮಾತ್ರೆ ನಮ್ಮ ಮನೆಯ ಡಬ್ಬಿಯಲ್ಲಿ ಉಳಿದ ಹಾಗೆ. ಎಚ್ಚರ ವಹಿಸಬೇಕಾದವರು ನಾವೇ.

ವಿದ್ಯಾರ್ಥಿಗಳೇ, ಇಂಥ ಸೂಚನೆ ಕಂಡರೆ ಗಾಬರಿ ಬೇಡ. ಮೊದಲು ತಾಣದ ಪ್ರತಿ ತೆಗೆದಿಡಿ. ಆ ಪ್ಲಗಿನ್ ನಿಷ್ಕ್ರಿಯಗೊಳಿಸಿ, ಬದಲಿ ಹುಡುಕಿ. ಬೇರೆಲ್ಲೋ ಪುಕ್ಕಟೆ ಸಿಕ್ಕಿತೆಂದು ಅದನ್ನೇ ಇಳಿಸಿಕೊಳ್ಳಬೇಡಿ. ಪಾಲಕರೇ, ಶಾಲೆಯ ತಾಣದಲ್ಲಿ ನಿಮ್ಮ ಮಕ್ಕಳ ಹೆಸರು, ಭಾವಚಿತ್ರಗಳೂ ಇರುತ್ತವೆ. ಅದನ್ನು ನೋಡಿಕೊಳ್ಳುವವರು ಯಾರೆಂದು ಒಮ್ಮೆ ಕೇಳಿ.

ನನ್ನ ವಿದ್ಯಾರ್ಥಿನಿ ಬೇರೊಂದು ಪ್ಲಗಿನ್ ಹಾಕಿಕೊಂಡಳು. ಕೆಲಸ ಎರಡು ದಿನ ತಡವಾಯಿತು, ಅಷ್ಟೆ.